ಅಂಬಿಗನ ಹೆಬ್ಬೆರಳು

"ಅಪ್ಪಾವರೇ, ನನ್ನ ಹತ್ತಿರ ಮಾತಾಡುವಾಗ ಮಾತ್ರ ನೀವು ದನಿ ಇಳಿಸುತ್ತೀರಿ. ಯಾಕೆ?"

ಇದನ್ನು ಕೇಳಬೇಕೆಂದು ಕಲ್ಲಯ್ಯ ಎಂಟು ದಿನದಿಂದ ಒಳಗೊಳಗೇ ಕುದಿಯುತ್ತಿದ್ದ. ಈ ಸಲ ಶ್ರಾವಣದ ಪ್ರವಚನಕ್ಕೆ ಅವನೇ ಕೂರಬೇಕೆಂದು ಗುರುಗಳು ಹೇಳಿದ್ದರು. ಅಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಗುರುಗಳು ಬಾಯಿ ತೆರೆದರೆ ಸಾಕು, ಪುಸ್ತಕ ಪೆನ್ಸಿಲು ಹಿಡಿದು ಎದುರಿಗೆ ಬಂದು ಕೂರುತ್ತಿದ್ದ. ಒಂದಕ್ಷರವೂ ತಪ್ಪಬಾರದೆಂದು ಮೈಯೆಲ್ಲ ಕಿವಿಯಾಗುತ್ತಿದ್ದ. ಆದರೂ ಎದ್ದು ಹೋಗುವಾಗ ತಲೆಯಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಹಿಂದೆ ಮಠದ ಅಂಗಳ ಗುಡಿಸುತ್ತಲೇ ಅವನಿಗೆ ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು. ಈಗ ಎದುರಿಗೇ ಕೂತರೂ ಕೇಳಿಸುತ್ತಿಲ್ಲ. ಅಷ್ಟು ಜನರ ಮುಂದೆ ಬಾಯಿ ಕಟ್ಟಿ ಕೂರುವ ದಿನ ಹತ್ತಿರ ಬರುತ್ತಿದೆ ಎಂದು ಅವನಿಗೆ ದಿಗಿಲಾಗಿತ್ತು. ಮುಖ್ಯವಾದುದನ್ನು ತನಗೆ ಕೊಡಲು ಮನಸ್ಸಿಲ್ಲದೆ ಗುರುಗಳು ಬೇಕೆಂದೇ ದನಿ ತಗ್ಗಿಸುತ್ತಿದ್ದಾರೆ ಎಂಬ ಅನುಮಾನವೂ ಹುಟ್ಟಿತ್ತು.

ಗುರುಗಳು ಸಿಟ್ಟಾಗಲಿಲ್ಲ. ಅವನ ಕೈಯಲ್ಲಿದ್ದ ಪುಸ್ತಕದ ಕಡೆ ಒಮ್ಮೆ ನೋಡಿದರು. ನಂತರ ಕತೆ ಹೇಳತೊಡಗಿದರು.

ಒಬ್ಬ ಅಂಬಿಗನಿದ್ದ. ಸೇತುವೆ ಇಲ್ಲದ ಹೊಳೆಯಲ್ಲಿ ಹರಿಗೋಲು ಹಾಕಿ ಜನರನ್ನು ಈ ದಂಡೆಯಿಂದ ಆ ದಂಡೆಗೆ ಮುಟ್ಟಿಸುವುದು ಅವನ ಕಸುಬು. ಅವನಪ್ಪ ಅವನಿಗೆ ಕಲಿಸಿದ್ದು ಒಂದೇ ಮಾತು. ನೀರು ಜೋರಾದರೆ ಹುಟ್ಟನ್ನು ಬಿಗಿಯಾಗಿ ಹಿಡಿ, ಹೆದರಿಕೆಯಾದರೆ ಇನ್ನೂ ಬಿಗಿಯಾಗಿ ಹಿಡಿ. ಮೂವತ್ತು ವರ್ಷ ಹಾಗೆ ಹಿಡಿದು ಹಿಡಿದು ಅವನ ಕೈಗೆ ಅದೇ ರೂಢಿಯಾಗಿತ್ತು. ಮನಸ್ಸು ಅಂಜುವ ಮೊದಲೇ ಕೈ ಬಿಗಿಯುತ್ತಿತ್ತು. ಅದೆಷ್ಟೋ ಜನರ ಜೀವವನ್ನು ಆ ಕೈ ಉಳಿಸಿತ್ತು, ಅದು ಸುಳ್ಳಲ್ಲ.

ಹೊಳೆಯ ಮೇಲ್ಭಾಗದಲ್ಲಿ ಒಂದು ಅಣೆಕಟ್ಟು ಇತ್ತು. ಅಲ್ಲಿ ಗೇಟು ಎತ್ತಿದರೆ ಒಂದು ತಾಸಿನಲ್ಲಿ ನೀರು ಅಂಬಿಗನ ದಂಡೆಗೆ ಬರುತ್ತಿತ್ತು. ಗೇಟು ಕಾಯುವವನು ಅವನ ಗೆಳೆಯ. ಹಿಂದೊಮ್ಮೆ ಅವನ ಬಸುರಿ ಹೆಂಡತಿಯನ್ನು ತುಂಬಿದ ಹೊಳೆಯಲ್ಲಿ ದಾಟಿಸಿ ಆಸ್ಪತ್ರೆಗೆ ಮುಟ್ಟಿಸಿದವನು ಈ ಅಂಬಿಗ. ಅದನ್ನು ಮರೆಯದೆ ಗೆಳೆಯ ಪ್ರತಿ ಸಲ ಗೇಟು ಎತ್ತುವ ಮೊದಲು ಫೋನು ಮಾಡಿ ತಿಳಿಸುತ್ತಿದ್ದ. ಅವನಿಗೆ ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ.

ಒಂದು ಸಲ ಮೇಲಿನ ಅಧಿಕಾರಿಗಳು ಗಡಿಬಿಡಿಯಲ್ಲಿ ಗೇಟು ಎತ್ತಿಸಿದರು. ಫೋನು ಬರುವುದು ತಡವಾಯಿತು. ಹರಿಗೋಲು ನಡುಹೊಳೆಯಲ್ಲಿ ಇದ್ದಾಗ ನೀರು ಬಂತು. ಹರಿಗೋಲು ಗಿರಗಿರನೆ ತಿರುಗಿತು, ಹೆಂಗಸರು ಮಕ್ಕಳು ಚೀರಿದರು. ಹೇಗೋ ಎಲ್ಲರೂ ದಂಡೆ ಸೇರಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂಬಿಗನ ಎದೆಯೊಳಗೆ ಆ ಹೊಳೆ ಇಳಿಯಲೇ ಇಲ್ಲ.

ಅಲ್ಲಿಂದ ಫೋನಿನ ಕಾಟ ಶುರುವಾಯಿತು. ಮಗಳು ಫೋನು ಮಾಡಿದರೆ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ನೆಂಟರು ಮಾಡಿದರೂ ಕೇಳುತ್ತಿತ್ತು. ಗೇಟು ಕಾಯುವವನು ಮಾಡಿದರೆ ಮಾತ್ರ ಮೊದಲು ಗಟ್ಟಿಯಾಗಿ ಕೇಳಿದ ದನಿ ನೋಡನೋಡುತ್ತ ಇಳಿಯುತ್ತಿತ್ತು. ಊಟ ಆಯಿತೇ ಎಂಬುದು ಕೇಳಿಸುತ್ತಿತ್ತು. ನೀರಿನ ಮಾತು ಬರುವಷ್ಟರಲ್ಲಿ ದನಿ ಪಾತಾಳ ಸೇರುತ್ತಿತ್ತು. ಹೊಳೆಯ ಗಾಳಿಯಲ್ಲಿ ಆ ಪಿಸುಮಾತು ಯಾರಿಗೆ ಕೇಳಬೇಕು? ಅಂಬಿಗ ಫೋನನ್ನು ಕಿವಿಗೆ ಇನ್ನೂ ಅವುಚಿಕೊಳ್ಳುತ್ತಿದ್ದ. ಅವುಚಿಕೊಂಡಷ್ಟೂ ದನಿ ಇಳಿಯುತ್ತಿತ್ತು. ಆಮೇಲೆ ಅಳಿಯ ತೋರಿಸಿಕೊಟ್ಟಿದ್ದಂತೆ ಫೋನಿನ ಪಕ್ಕದ ಗುಂಡಿ ಒತ್ತಿ ದನಿಯನ್ನು ಪೂರ್ತಿ ಏರಿಸಿ ಇಡುತ್ತಿದ್ದ. ಗೆಳೆಯನ ಮುಂದಿನ ಫೋನಿಗೆ ಏರಿಸಿದ್ದೆಲ್ಲ ಮತ್ತೆ ಇಳಿದುಹೋಗುತ್ತಿತ್ತು.

ಅವನು ಫೋನನ್ನು ಪೇಟೆಯ ಅಂಗಡಿಗೆ ಒಯ್ದ. ಅಂಗಡಿಯವನು ತನ್ನ ಕೈಯಲ್ಲಿ ಹಿಡಿದು ಮಾತಾಡಿ ನೋಡಿದ. ದನಿ ಒಂದಿಷ್ಟೂ ಇಳಿಯಲಿಲ್ಲ. ಕವರು ಬದಲಿಸಿದ, ಒಳಗಿನ ಸೆಟ್ಟಿಂಗು ತಿರುವಿ ಹಾಕಿದ, ಫೋನಿಗೆ ಏನೂ ಆಗಿಲ್ಲ ಎಂದ. ಅಂಬಿಗನ ಹೆಂಡತಿ ದೇವರ ಭಂಡಾರದ ಅರಿಸಿನ ತಂದು ಫೋನಿಗೆ ಹಚ್ಚಿದಳು. ಗುಣವಾಗಲಿಲ್ಲ. ಅಂಬಿಗನ ನಿದ್ದೆ ಹಾರಿಹೋಯಿತು. ಪ್ರತಿ ಸಲ ಹರಿಗೋಲು ಬಿಡುವಾಗ ಕೂತವರ ತಲೆ ಎಣಿಸಿ, ಇವರಲ್ಲಿ ಯಾರ ಮನೆಯವರಿಗೆ ನಾನು ಏನು ಹೇಳಬೇಕಾದೀತು ಎಂದು ಒಳಗೇ ನಡುಗುತ್ತಿದ್ದ.

ಫೋನಿಗೆ ಏನೂ ಆಗಿಲ್ಲ ಅಂದ ಮೇಲೆ ತಪ್ಪು ಯಾರದು? ತನ್ನದು ಎಂಬುದು ಅವನಿಗೆ ಹೊಳೆಯಲಿಲ್ಲ, ಅದು ಯಾರಿಗೂ ಮೊದಲಿಗೆ ಹೊಳೆಯುವುದಿಲ್ಲ. ಒಂದು ದಿನ ಅವನು ಅಣೆಕಟ್ಟಿನ ತನಕ ನಡೆದು ಹೋಗಿ ಗೆಳೆಯನನ್ನು ತರಾಟೆಗೆ ತೆಗೆದುಕೊಂಡ.

"ಕೆಲಸದ ಮಾತು ಬಂದಾಗ ಬೇಕಂತನೇ ದನಿ ಇಳಿಸ್ತೀಯಲ್ಲ, ನನ್ನ ಮ್ಯಾಲ ನಿನಗೇನು ಹಗೆ?"

"ನಾ ಒದರೋದು ಕೇಳಿ ಇಲ್ಲಿ ಮಂದಿ ನಗ್ತಾರ. ಇಷ್ಟಾದ ಮ್ಯಾಲ ನಿನಗ ಫೋನೇ ಮಾಡೂದಿಲ್ಲ ಬಿಡು."

ಗೆಳೆಯನಿಗೆ ಬಹಳ ನೋವಾಗಿತ್ತು. ಮೂರು ದಿನ ಫೋನು ಬರಲಿಲ್ಲ. ಆ ಮೂರು ದಿನ ಅಂಬಿಗ ಹೊಳೆಯ ಕಡೆ ಕಣ್ಣು ನೆಟ್ಟು ಕೂತ. ನೀರಿನಲ್ಲಿ ಒಂದು ಕಡ್ಡಿ ತೇಲಿ ಬಂದರೂ ಎದ್ದು ನಿಲ್ಲುತ್ತಿದ್ದ.

ನಾಲ್ಕನೆಯ ದಿನ ಮಧ್ಯಾಹ್ನ ಹರಿಗೋಲಿನಲ್ಲಿ ಎಂಟು ಜನ ಕೂತಿದ್ದರು. ಹಗ್ಗ ಬಿಚ್ಚಿಯಾಗಿತ್ತು. ಹೊಳೆ ಶಾಂತವಾಗಿತ್ತು. ಆಗ ಫೋನು ಬಂತು, ಗೆಳೆಯನದೇ. ಅಂಬಿಗ ಫೋನನ್ನು ಗಪ್ಪನೆ ಹಿಡಿದು ಕಿವಿಗೆ ಒತ್ತಿಕೊಂಡ. ಗೆಳೆಯ ಅವನ ಹೆಸರು ಹಿಡಿದು ಕೂಗಿದ್ದು ಕೇಳಿಸಿತು. ಅಷ್ಟರಲ್ಲಿ ದನಿ ಇಳಿಯಿತು, ಇನ್ನೂ ಇಳಿಯಿತು. ಆಮೇಲೆ ಬರೀ ಗಾಳಿ. ಕೂತವರು ಹೊತ್ತಾಯಿತು, ಹರಿಗೋಲು ಬಿಡು ಎಂದು ಅವಸರ ಮಾಡಿದರು. ಗೆಳೆಯ ಸಿಟ್ಟಿನಲ್ಲಿ ಬೈಯುತ್ತಿರಬೇಕು ಎಂದುಕೊಂಡ ಅಂಬಿಗ ಇನ್ನೊಂದು ಕೈಯಿಂದ ಹುಟ್ಟು ಎತ್ತಿದ.

ಅವನ ಎದುರಿಗೆ ಬಳೆಯ ಮಲಾರದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬ ಮುದುಕಿ ಕೂತಿದ್ದಳು. ಊರೂರು ತಿರುಗಿ ಹೆಂಗಸರಿಗೆ ಬಳೆ ಇಡುವವಳು. ಅವಳು ಯಾರನ್ನೇ ನೋಡಲಿ, ಮೊದಲು ನೋಡುವುದು ಕೈಯನ್ನು. ಫೋನಿನ ಪಕ್ಕದ ಗುಂಡಿಯ ಮೇಲೆ ಅಂಬಿಗನ ಹೆಬ್ಬೆರಳು ಬಿಳಿಚಿಕೊಂಡು ಕೂತದ್ದು ಅವಳ ಕಣ್ಣಿಗೆ ಬಿತ್ತು. ಗುಂಡಿ ಯಾತರದ್ದು ಎಂದು ಅವಳಿಗೆ ಗೊತ್ತಿರಲಿಲ್ಲ. ಬಿಗಿದ ಕೈ ಮಾತ್ರ ಗೊತ್ತಿತ್ತು. ಬಳೆ ಇಡುವಾಗ ಹೆದರುವ ಹುಡುಗಿಯರಿಗೆ ದಿನಕ್ಕೆ ಹತ್ತು ಸಲ ಹೇಳುವ ಮಾತನ್ನೇ ಅವನಿಗೂ ಹೇಳಿದಳು.

"ಕೈ ಸಡ್ಲ ಬಿಡೋ ತಮ್ಮಾ."

ಅವನು ಬಿಡಲಿಲ್ಲ. ಬಿಡಬೇಕೆಂದರೂ ಆ ಕೈಗೆ ಬಿಡುವುದು ಬರುತ್ತಿರಲಿಲ್ಲ. ಮುದುಕಿ ಮುಂದೆ ಬಾಗಿ ಅವನ ಮಣಿಕಟ್ಟು ಹಿಡಿದಳು. ಬೆರಳಿನ ಗೆಣ್ಣುಗಳನ್ನು ಒಂದೊಂದಾಗಿ ನೀವಿದಳು. ಹೆಬ್ಬೆರಳು ಗುಂಡಿಯಿಂದ ಜಾರಿತು. ತನ್ನ ಹೆಬ್ಬೆರಳು ಎಲ್ಲಿಂದ ಜಾರಿತು ಎಂದು ಅಂಬಿಗ ಅವತ್ತು ಮೊದಲ ಸಲ ನೋಡಿದ. ಅದು ದನಿ ಇಳಿಸುವ ಕೆಳತುದಿ. ಅದೇ ಗುಂಡಿಯ ಮೇಲಿನ ತುದಿಯನ್ನು ಒತ್ತಿದ. ದನಿ ಏರಿತು.

"ಗೇಟು ಎತ್ತಿ ಮುಕ್ಕಾಲು ತಾಸು ಆತು, ಇಳಿಬ್ಯಾಡ, ನೀರಿಗೆ ಇಳಿಬ್ಯಾಡ," ಎಂದು ಗೆಳೆಯ ಒಂದೇ ಸಮ ಕೂಗುತ್ತಿದ್ದ. ಮೂರು ದಿನದ ಸಿಟ್ಟನ್ನು ನುಂಗಿ, ಸಿಕ್ಕದ ನೆಟ್‌ವರ್ಕು ಹುಡುಕಿ ಗುಡ್ಡ ಹತ್ತಿ ಕೂಗುತ್ತಿದ್ದ. ಅವನ ಗಂಟಲು ಒಡೆದುಹೋಗಿತ್ತು.

ಎಂಟು ಜನರೂ ಇಳಿದರು. ಹರಿಗೋಲನ್ನು ದಂಡೆಯ ಮೇಲೆ ದೂರ ಎಳೆದು ಕವುಚಿ ಹಾಕಿದರು. ಮುದುಕಿ ಮಲಾರ ಹೊತ್ತು ಏರು ಹತ್ತುವಷ್ಟರಲ್ಲಿ ಕೆಂಪು ನೀರು ಬಂದು, ಅವರು ಕೂತಿದ್ದ ಜಾಗವನ್ನು ಮುಚ್ಚಿ ಹರಿಯಿತು.

ಅಂಬಿಗ ಹರಿಗೋಲಿನ ಪಕ್ಕ ಕುಸಿದು ಕೂತು ಮಕ್ಕಳ ಹಾಗೆ ಅತ್ತ. ಬದುಕಿದೆವು ಎಂದು ಅತ್ತದ್ದಲ್ಲ. ಇಷ್ಟು ದಿನವೂ ಗೆಳೆಯ ಕೂಗುತ್ತಲೇ ಇದ್ದ, ನನ್ನ ಭಯವೇ ಅವನ ಬಾಯಿ ಮುಚ್ಚುತ್ತಿತ್ತು ಎಂದು ಅತ್ತ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಕಲ್ಲಯ್ಯ ಪುಸ್ತಕದಿಂದ ತಲೆ ಎತ್ತಿದ. ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಒಂದು ಮಾತೂ ಬಿಡಬಾರದೆಂದು ಮೊದಲಿನಿಂದ ಬರೆಯುತ್ತ ಬಂದಿದ್ದ. ಆದರೆ ಪೆನ್ಸಿಲಿನ ಮೊನೆ ಯಾವಾಗಲೋ ಮುರಿದಿತ್ತು. ಹಾಳೆ ಅರ್ಧಕ್ಕೆ ಹರಿದಿತ್ತು. ಬಳೆಯ ಮುದುಕಿ ಬಂದಲ್ಲಿಂದ ಆಚೆಗೆ ಬರೀ ಗೀರುಗಳಿದ್ದವು. ಅವನಿಗೆ ಅಳುವೇ ಬಂದಂತಾಯಿತು.

"ಕೊನೆಯದು ತಪ್ಪಿಹೋಯಿತು ಅಪ್ಪಾವರೇ. ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ ಹೇಳುತ್ತೀರಾ?"

ಗುರುಗಳು ಮುಂದೆ ಬಾಗಿ, ಮುರಿದ ಪೆನ್ಸಿಲನ್ನು ಇನ್ನೂ ಹಿಡಿದೇ ಇದ್ದ ಅವನ ಮುಷ್ಟಿಯ ಮೇಲೆ ಕೈಯಿಟ್ಟರು.

"ನಾನು ಕೂಗುತ್ತಲೇ ಇದ್ದೇನೆ ತಮ್ಮಾ, ಕೈ ಸಡಿಲ ಬಿಡು."