ಮಂಜುಹೊಳೆಯ ಮೂರು ಲ್ಯಾಪ್‌ಟಾಪುಗಳು

"ಕೇಳಿರಿ, ಮಂಜುಹೊಳೆಯ ಪ್ರಜೆಗಳೇ! ಅರಮನೆಯ ಅಂಗಳದಲ್ಲಿ ಮೂರು ಲ್ಯಾಪ್‌ಟಾಪುಗಳಿವೆ. ರಾಜಕುಮಾರಿ ಇಂದುಲೇಖೆಯವರ ಮೂರು ಒಗಟು ಬಿಡಿಸಿ, ಹೊಳೆಯ ಕೆಲಸಕ್ಕೆ ತಕ್ಕದ್ದನ್ನು ಆರಿಸಿದವರಿಗೆ ಬೇಡಿದ್ದು ಕೊಡಲಾಗುವುದು. ತಪ್ಪಿದವರನ್ನು ಮಂಜಿಗೆ ನೂಕಲಾಗುವುದು!"

ಡಂಗುರದ ಸದ್ದು ನೀರಿನ ಮೇಲೆ ತೇಲಿ ಬಂದಾಗ ಹರಿಗೋಲಿನ ಕೆಂಚ ದಡದಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

ಆ ನಾಡಿನಲ್ಲಿ ನೆಲ ಒಂದೆಡೆ ನಿಲ್ಲುತ್ತಿರಲಿಲ್ಲ. ಮಂಜು ಇಳಿದರೆ ಸಾಕು, ಹೊಳೆಯ ನಡುಗಡ್ಡೆಗಳು ನಿದ್ದೆಯಲ್ಲಿ ಹೊರಳುವ ಮಕ್ಕಳಂತೆ ಜಾಗ ಬದಲಿಸುತ್ತಿದ್ದವು. ಬೆಳಗಾದರೆ ಅಳತೆಯವರು ಲ್ಯಾಪ್‌ಟಾಪು ಹಿಡಿದು ಹೊರಟು, ಒಂದೊಂದನ್ನೂ ಹುಡುಕಿ ನಕ್ಷೆಗೆ ಏರಿಸಬೇಕು. ಸೂರ್ಯ ಮುಳುಗುವ ಮೊದಲು ನಕ್ಷೆಗೇರದ ಗಡ್ಡೆ ಕರಗಿಹೋಗುತ್ತಿತ್ತು. ಅಲ್ಲಿದ್ದವರ ಹೆಸರೂ ಯಾರ ನೆನಪಿನಲ್ಲೂ ಉಳಿಯುತ್ತಿರಲಿಲ್ಲ.

ಅಂದು ಕೆಂಚ ಹರಿಗೋಲಿನಲ್ಲಿ ಕರೆದೊಯ್ದಿದ್ದ ಅಳತೆಯವನ ಲ್ಯಾಪ್‌ಟಾಪು ನಡುಹೊಳೆಯಲ್ಲೇ ಸತ್ತಿತ್ತು. ಕೊಕ್ಕರೆಗಡ್ಡೆ ನಕ್ಷೆಗೆ ಏರಿರಲಿಲ್ಲ. ಕೊಕ್ಕರೆಗಡ್ಡೆಯಲ್ಲಿ ಅವನ ಅಕ್ಕ ದ್ಯಾವಕ್ಕ ಬಲೆ ಹೆಣೆಯುತ್ತ ಕೂತಿದ್ದಳು. ಈಗಲೇ ಅವನಿಗೆ ಅಕ್ಕನ ಮೂಗುತಿ ಎಡಕ್ಕಿತ್ತೋ ಬಲಕ್ಕಿತ್ತೋ ಮಸುಕಾಗತೊಡಗಿತ್ತು. ಅವನು ಎದ್ದು ಅರಮನೆಗೆ ಓಡಿದ.

ಅಂಗಳದ ಚಪ್ಪರದಡಿ ಮೂರು ಮಣೆ, ಮೂರು ಲ್ಯಾಪ್‌ಟಾಪು. ಒಂದಕ್ಕೆ ಉಕ್ಕಿನ ಚೌಕಟ್ಟು, ರುಬ್ಬುಗುಂಡಿನಂಥ ಭಾರ. ಇನ್ನೊಂದಕ್ಕೆ ಮೈತುಂಬ ದಪ್ಪ ರಬ್ಬರು. ಮೂರನೆಯದು ಗೀರುಬಿದ್ದ ಸಾದಾ ಕಪ್ಪು ಪೆಟ್ಟಿಗೆ. ಕಾವಲಿನವರು ಮೂರನ್ನೂ ಕೋಟೆಯ ಮೇಲಿಂದ ಕೆಡವಿದ್ದರು, ಕೊಡ ಕೊಡ ನೀರು ಸುರಿದಿದ್ದರು, ಮರಳಲ್ಲಿ ಹೊರಳಿಸಿದ್ದರು. ಒಂದೂ ಸತ್ತಿರಲಿಲ್ಲ.

"ಮೂರೂ ಗಟ್ಟಿಪಿಂಡವೇ. ಇನ್ನೇನು ಆರಿಸೋದು, ಮಣ್ಣು!" ಎಂದು ಯಾರೋ ನಕ್ಕರು.

ಸೇನಾಪತಿಯ ಮಗ ವೀರಕೇಸರಿ ಮೊದಲು ಮುಂದೆ ಬಂದ. ರಾಜಕುಮಾರಿ ಕೇಳಿದಳು: "ಬಿದ್ದರೆ ಅಳುವುದಿಲ್ಲ, ತೋಯ್ದರೆ ನಡುಗುವುದಿಲ್ಲ. ಆದರೂ ಮನೆಯಿಂದ ದೂರವಾದರೆ ಕಣ್ಣು ಮುಚ್ಚುತ್ತಾನೆ. ಈ ವೀರನಿಗೆ ಏನು ಕಡಿಮೆ?"

"ಧೈರ್ಯ!" ಎಂದ ವೀರಕೇಸರಿ.

ಅಂಗಳದ ಅಂಚಿನ ಮಂಜಿನ ಬಾಗಿಲು ತೆರೆದು, ಅವನನ್ನು ನುಂಗಿ ಮುಚ್ಚಿತು. ಗುಂಪಿನಲ್ಲಿದ್ದ ಅವನ ತಾಯಿ ತನ್ನ ತೋಳಿನ ಮೇಲಿದ್ದ ಅವನ ಶಾಲನ್ನು ನೋಡಿ, "ಇದು ಯಾರದಮ್ಮಾ?" ಎಂದು ಪಕ್ಕದವಳನ್ನು ಕೇಳಿದಳು.

ವರ್ತಕರ ಮಗ ಮಕರಂದ ಜಾಣ. "ಕಡಿಮೆಯಾದದ್ದು ಅನ್ನ. ಬ್ಯಾಟರಿ ಬರಿದಾದರೆ ವೀರನೂ ಮಲಗುತ್ತಾನೆ," ಎಂದ. ರಾಜಕುಮಾರಿ ತಲೆದೂಗಿ ಎರಡನೆಯದನ್ನು ಕೇಳಿದಳು: "ಕತ್ತಲಲ್ಲಿ ಎಲ್ಲ ತೋರಿಸುತ್ತಾನೆ, ಬೆಳಕು ಹೆಚ್ಚಿದಷ್ಟೂ ಮುಖ ಮುಚ್ಚುತ್ತಾನೆ. ಯಾರವನು?"

"ನಕ್ಷತ್ರ!"

"ನಕ್ಷತ್ರ ತೊಡೆಯ ಮೇಲಿಟ್ಟುಕೊಂಡು ಗಡ್ಡೆ ಅಳೆಯುತ್ತೀಯಾ?" ಮಂಜಿನ ಬಾಗಿಲು ಮತ್ತೆ ತೆರೆಯಿತು.

ಕೆಂಚ ತಡೆಯಲಾರದೆ, "ಇಷ್ಟು ಕಠಿಣ ಯಾಕೆ, ಅಮ್ಮಣ್ಣಿ?" ಎಂದುಬಿಟ್ಟ.

"ತಿಳಿಯದವನ ಕೈಗೆ ಲ್ಯಾಪ್‌ಟಾಪು ಕೊಟ್ಟರೆ ಒಂದು ಊರೇ ಕರಗುತ್ತದೆ," ಎಂದಳು ಅವಳು. "ನನ್ನನ್ನು ಹೆತ್ತವಳು ಹಾಗೇ ಕರಗಿದಳಂತೆ. ಅವಳ ಹೆಸರು ನನಗೆ ಗೊತ್ತಿಲ್ಲ. ನೀನು ಉತ್ತರ ಹೇಳುತ್ತೀಯಾ, ಮನೆಗೆ ಹೋಗುತ್ತೀಯಾ?"

"ಮನೆ ಉಳಿಯಬೇಕಲ್ಲ ಅಮ್ಮಣ್ಣಿ, ಹೋಗೋದಕ್ಕೆ. ಮೊದಲನೆಯದು ಅನ್ನವೇ. ಅದೂ ಒಂದು ತುತ್ತು ಸಾಲದು, ಜೊತೆಗೆ ಎರಡನೇ ಬುತ್ತಿ ಬೇಕು. ಎರಡನೆಯದಕ್ಕೆ ಈ ಮೂವರನ್ನೂ ಬಿಸಿಲಿಗೆ ಎತ್ತಿಟ್ಟು ನೋಡೋಣ."

ಚಪ್ಪರದ ನೆರಳು ದಾಟಿದ್ದೇ ತಡ, ಉಕ್ಕಿನ ಲ್ಯಾಪ್‌ಟಾಪಿನ ಪರದೆ ಬೂದಿಯ ಬಣ್ಣಕ್ಕೆ ತಿರುಗಿತು. ಅದರಲ್ಲಿ ಕೆಂಚನ ಮುಖವೇ ಕಾಣಿಸಿತು ಹೊರತು ನಕ್ಷೆಯಲ್ಲ. ಉಳಿದೆರಡರಲ್ಲಿ ಗೆರೆಗಳು ಹೊಳೆಯುತ್ತಿದ್ದವು. "ಬಿಸಿಲಿಗೆ ಮುಖ ಮುಚ್ಚೋನು ಇವನೇ, ಪರದೆ," ಎಂದ.

ರಾಜಕುಮಾರಿಯ ದನಿ ಮೆತ್ತಗಾಯಿತು. "ಮೂರನೆಯದು. ಉಕ್ಕಿನ ಮೈ, ಕೋಟೆಯಿಂದ ಬಿದ್ದರೂ ಸಾವಿಲ್ಲ. ಆದರೆ ಅವನ ಪ್ರಾಣ ಅವನ ಮೈಯಲ್ಲಿಲ್ಲ, ಹಿಡಿದವನ ಹೆಬ್ಬೆರಳಿನಲ್ಲಿದೆ. ಹೇಗೆ?"

"ಬೀಗ ಅನ್ನೋ, ಬೆರಳಚ್ಚಿನ ಬೀಗ!" ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಕೆಂಚ ತಲೆಯೆತ್ತಿ ಪಡುವಣಕ್ಕೆ ನೋಡಿದ. ಬಿಸಿಲು ಹಳದಿಯಾಗುತ್ತಿತ್ತು. ಅಕ್ಕನ ಮುಖವನ್ನಾದರೂ ಒಮ್ಮೆ ನೆನೆಯೋಣವೆಂದು ಕಣ್ಣು ಮುಚ್ಚಿದ. ಮುಖ ಬರಲಿಲ್ಲ. ಒಂದು ಕೈ ಬಂತು. ಕೊಕ್ಕರೆಗಡ್ಡೆಯವರು ಹರಿಗೋಲು ಹತ್ತುವ ಮುಂಚೆ ಬುತ್ತಿಯ ಸೋರೆಬುರುಡೆಯ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿಯೇ ಹತ್ತುವುದು. ಆ ಕೈ ಮುಚ್ಚಳ ಒತ್ತಿತು. ಹಿಂದೆಯೇ ಅಕ್ಕನ ದನಿ: "ಬಾಯಿ ಒತ್ತಿದೆಯಾ, ಕೆಂಚಾ? ಬುರುಡೆ ಎಷ್ಟು ಗಟ್ಟಿಯಾದರೇನು, ಬಾಯಿ ತೆರೆದಿದ್ದರೆ ಅದು ಹೊಳೆಯ ಪಾಲು."

ಅವನು ಕಣ್ಣು ತೆರೆದು ಗೀರುಬಿದ್ದ ಲ್ಯಾಪ್‌ಟಾಪನ್ನು ಪಕ್ಕಕ್ಕೆ ವಾಲಿಸಿದ. ವೈರು ಸಿಕ್ಕಿಸುವ ತೂತಿಗೊಂದು ಪುಟ್ಟ ರಬ್ಬರು ಮುಚ್ಚಳವಿತ್ತು. ಹೆಬ್ಬೆರಳಿನಿಂದ ಒತ್ತಿದ. ಟಿಕ್ ಎಂದಿತು.

"ಇಲ್ಲಿ, ಅಮ್ಮಣ್ಣಿ."

ಅಂಗಳ ಉಸಿರು ಬಿಟ್ಟಿತು. "ಬಿಡಿಸಿ ಹೇಳು," ಎಂದಳು ರಾಜಕುಮಾರಿ.

"ಹರಿಗೋಲಲ್ಲಿ ಹೇಳ್ತೀನಿ, ಬನ್ನಿ. ಹೊತ್ತು ಮುಳುಗ್ತಿದೆ. ಈ ಗೀರಿನವನೇ ನನಗಿರಲಿ, ಜೊತೆಗೆ ಇವನ ಎರಡನೇ ಬ್ಯಾಟರಿ. ರಬ್ಬರಿನವನ ಬ್ಯಾಟರಿ ಹೊಟ್ಟೆಯೊಳಗೇ ಹೊಲಿದುಹೋಗಿದೆ, ಬುತ್ತಿ ಬದಲಿಸೋಕಾಗಲ್ಲ."

ಅವಳು ಬಂದಳು. ನಡುಹೊಳೆಯಲ್ಲಿ ಬ್ಯಾಟರಿ ಬಳಲಿತು. ಕೆಂಚನ ಮಾತಿನಂತೆ ಅವಳೇ ಎರಡನೆಯದನ್ನು ಸಿಕ್ಕಿಸಿದಳು. ಪಡುವಣ ಬೆಳಕು ನೇರ ಪರದೆಗೆ ಬಡಿಯಿತು. ಗೆರೆಗಳು ಅಳಿಯಲಿಲ್ಲ. ಅಲೆಯೊಂದು ಇಬ್ಬರನ್ನೂ ತೋಯಿಸಿತು. ಅವಳ ಹೆಬ್ಬೆರಳು ತಾನಾಗಿ ಮುಚ್ಚಳದ ಮೇಲಿತ್ತು. "ಅಷ್ಟು ಗಟ್ಟಿಯವನು ಈ ತೂತಿಗೆ ನೀರು ಹೊಕ್ಕಷ್ಟಕ್ಕೇ ಸಾಯುತ್ತಾನಲ್ಲ," ಎಂದಳು.

"ಗಟ್ಟಿತನ ಅರ್ಧ ಅವನದು, ಅರ್ಧ ನಮ್ಮದು, ಅಮ್ಮಣ್ಣಿ."

ಸೂರ್ಯನ ಅಂಚು ನೀರು ಮುಟ್ಟುವ ಹೊತ್ತಿಗೆ ಕೊಕ್ಕರೆಗಡ್ಡೆ ನಕ್ಷೆಗೇರಿತು. ಮಂಜು ಸರಿದು ದಡದಲ್ಲೊಬ್ಬ ಹೆಂಗಸು ಕಂಡಳು. ಮೂಗುತಿ ಎಡಕ್ಕಿತ್ತು.

"ಬೇಕಾದ್ದು ಕೇಳು," ಎಂದಳು ರಾಜಕುಮಾರಿ.

ಕೆಂಚ ಆಚೆಯ ಮರಳುದಿಣ್ಣೆಯತ್ತ ಕೈ ತೋರಿದ. ಹೆಸರಿಲ್ಲದ ಇಬ್ಬರು ಯುವಕರು ಅಲ್ಲಿ ಮೊಣಕಾಲು ಅಪ್ಪಿ ಕೂತಿದ್ದರು. "ಆ ದಿಣ್ಣೆಯನ್ನೂ ಏರಿಸಿ."

ಅವಳು ಅದನ್ನೂ ನಕ್ಷೆಗೆ ಏರಿಸಿದಳು. ಅರಮನೆಯ ಅಂಗಳದಲ್ಲಿ ಒಬ್ಬ ತಾಯಿ ಶಾಲನ್ನು ಎದೆಗೊತ್ತಿಕೊಂಡು, "ಕೇಸರೀ!" ಎಂದು ಕೂಗಿದಳು.

ಕೆಂಚ ಅಳತೆಯವರ ಯಜಮಾನನಾದ. ಮಂಜಿನ ಬಾಗಿಲಿಗೆ ರಾಜಕುಮಾರಿ ಮೊಳೆ ಹೊಡೆಸಿದಳು. ಅಂದಿನಿಂದ ಆ ಹೊಳೆಯಲ್ಲಿ ಹರಿಗೋಲು ಬಿಡುವಾಗ ಯಾರೂ "ಹೋಗಿ ಬಾ" ಎನ್ನುವುದಿಲ್ಲ. "ಬಾಯಿ ಒತ್ತಿದೆಯಾ?" ಎಂದೇ ಕೇಳುತ್ತಾರೆ.