ಸಂಜೆಗೆ ಅಳಿಯುವ ಅಕ್ಷರ

“ಗುರುಗಳೇ, ಒಂದು ದಾರಿಯನ್ನು ಎಷ್ಟು ಕಾಲ ಪರೀಕ್ಷಿಸಿ ನೋಡಿದ ಮೇಲೆ ಅದನ್ನು ಹಿಡಿಯಬೇಕು?” ಎಂದು ಶಿಷ್ಯ ಕೇಳಿದ.

ಅವನು ಹಲವು ವರ್ಷಗಳಿಂದ ಗುರುಗಳ ಬಳಿಗೆ ಬಂದು ಹೋಗುತ್ತಿದ್ದವನು. ಬಂದಾಗ ಮನಸ್ಸಿಟ್ಟು ಕೇಳುತ್ತಿದ್ದ. ದೀಕ್ಷೆಯ ಮಾತು ಬಂದರೆ ಮುಂದಿನ ಸಲ ನೋಡೋಣ ಎನ್ನುತ್ತಿದ್ದ. ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪೇಂಟರ್ ಇದ್ದ. ಅಂಗಡಿಗಳ ಬೋರ್ಡ್ ಬರೆಯುವುದು ಅವನ ಕಸುಬು. ಮೌನೇಶಪ್ಪ ಎಂಬ ಹಿರಿಯ ಪೇಂಟರ್ ಅವನ ಕೈ ಹಿಡಿದು ಅಕ್ಷರ ತಿದ್ದಿಸಿದ್ದ. ಒಂದು ದಿನ ಈ ಕಿರಿಯ ಪೇಂಟರ್ ಏಣಿಯಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡ. ಮೂಳೆ ಕೂಡಿತು, ಆದರೆ ಕುಂಚ ಹಿಡಿದರೆ ಕೈ ನಡುಗುತ್ತಿತ್ತು. ಅದೇ ಹೊತ್ತಿಗೆ ಊರಿಗೆ ಫ್ಲೆಕ್ಸ್ ಬಂತು. ಕಾಲಕ್ಕೆ ತಕ್ಕ ಕೋಲ ಎಂದುಕೊಂಡು ಅವನು ಹಳೆಯ ಕಂಪ್ಯೂಟರೊಂದನ್ನು ತಂದು ಫ್ಲೆಕ್ಸ್ ಅಂಗಡಿ ತೆರೆದ. ಕುಂಚ ಹಿಡಿಯಲಾಗದ ಕೈಗೆ ಮೌಸ್ ಹಿಡಿಯಲು ಬರುತ್ತಿತ್ತು.

ಹೊಟ್ಟೆ ತುಂಬಿತು, ಕೈ ಮಾತ್ರ ಹಸಿದೇ ಇತ್ತು. ಕಂಪ್ಯೂಟರಿನಲ್ಲಿ ಅಕ್ಷರಗಳು ಸಿದ್ಧವಾಗಿಯೇ ಬರುತ್ತಿದ್ದವು. ಹುಟ್ಟುಹಬ್ಬಕ್ಕೂ ಅವೇ, ಶ್ರದ್ಧಾಂಜಲಿಗೂ ಅವೇ. ಊರಿನ ಫ್ಲೆಕ್ಸುಗಳೆಲ್ಲ ಒಂದೇ ಕೈ ಬರೆದಂತಿದ್ದವು, ಆ ಕೈ ಯಾರದೂ ಆಗಿರಲಿಲ್ಲ. ಎಲ್ಲಾದರೂ ಬಣ್ಣ ಮಾಸಿದ ಹಳೆಯ ಬೋರ್ಡ್ ಕಂಡರೆ ಪೇಂಟರ್ ಸೈಕಲ್ ನಿಲ್ಲಿಸಿ ನೋಡುತ್ತಿದ್ದ. ತನ್ನ ಅಕ್ಷರವನ್ನು ಇನ್ನೊಮ್ಮೆ ಬರೆಯಬೇಕು ಎಂಬ ಆಸೆ ಅವನ ಎದೆ ಹಿಂಡುತ್ತಿತ್ತು. ಯಾರ ಹತ್ತಿರವೂ ಹೇಳಿಕೊಳ್ಳುವಂಥದ್ದಲ್ಲ, ಹೇಳಿದರೆ ನಗುವವರೇ ಹೆಚ್ಚು.

ಹೀಗಿರುವಾಗ ಮೌನೇಶಪ್ಪನ ಕಣ್ಣಿನ ನರ ಒಣಗತೊಡಗಿತು. ಇದಕ್ಕೆ ಔಷಧವಿಲ್ಲ, ಇರುವಷ್ಟು ದಿನ ಬೆಳಕು ಎಂದರು ಡಾಕ್ಟರು. ಮಾತಾಡಿಸಲು ಹೋದ ಪೇಂಟರನ ಕೈ ಹಿಡಿದು ಮುದುಕ ಹೇಳಿದ:

“ಕಣ್ಣು ಹೋಗೂದರೊಳಗ ನಿನ್ನ ಅಕ್ಷರದಾಗ ನನ್ನ ಹೆಸರು ಒಮ್ಮೆ ನೋಡಬೇಕೋ ತಮ್ಮಾ. ಊರ ಮಂದಿ ಹೆಸರೆಲ್ಲ ನಾನು ಬರದೆ. ನನ್ನ ಹೆಸರು ಯಾರೂ ಬರೀಲಿಲ್ಲ ನೋಡು.”

ಪೇಂಟರ್ ಆಗಲಿ ಎಂದ. ಹೇಗೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

ದಾರಿ ತೋರಿಸಿದವನು ಒಬ್ಬ ಶಾಲಾ ಮಾಸ್ತರ. ಫ್ಲೆಕ್ಸ್ ಮಾಡಿಸಲು ಬಂದವನು ಪೇಂಟರನ ಹಂಬಲ ಕೇಳಿ ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದ. ಕಂಪ್ಯೂಟರನ್ನು ನಡೆಸುವ ಒಂದು ವ್ಯವಸ್ಥೆ ಇರುತ್ತದಲ್ಲ, ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ, ಅಂಥದ್ದೇ ಇನ್ನೊಂದು ಅದರಲ್ಲಿತ್ತು. ಬಿಟ್ಟಿ ಸಿಗುವಂಥದ್ದು, ಹಾಗೆಂದು ಕದ್ದದ್ದಲ್ಲ. ಎಲ್ಲೆಲ್ಲಿಯವರೋ ಸೇರಿ ಕಟ್ಟಿ, ಊರ ಬಾವಿಯಂತೆ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಹೊಸಬರಿಗೆ ತೊಡಕಾಗಬಾರದೆಂದೇ ಮಾಡಿದ್ದು. ಅಕ್ಷರದ ಅಂಚನ್ನು ಚೂರುಚೂರೇ ಎಳೆದು ಬಗ್ಗಿಸಿ ನಮಗೆ ಬೇಕಾದ ಹಾಗೆ ತಿದ್ದುವ ಸಾಧನವೂ ಅದರ ಜೊತೆಗೇ ಇತ್ತು.

“ಪುಕ್ಕಟೆ ಸಿಕ್ಕರ ನನಗೊಂದು, ನಮ್ಮಪ್ಪಗೊಂದು” ಎಂದು ಪೇಂಟರ್ ನಕ್ಕ.

“ಮದಲ ಹಾಂಗ ನೋಡ್ರಿ. ಈ ಪೆನ್‌ಡ್ರೈವಿನಿಂದನ ನಡೀತೈತಿ, ನಿಮ್ಮ ಹಳೇದಕ್ಕೇನೂ ಆಗೂದಿಲ್ಲ. ಆದರ ಬಂದ್ ಮಾಡಿದ ಕೂಡಲೇ ನೀವು ಮಾಡಿದ್ದೆಲ್ಲ ಮರತು ಬಿಡತೈತಿ. ಮನಸ್ಸಿಗೆ ಬಂದರ ಒಳಗ ಹಾಕಿಸಿಕೋರಿ, ನಾನ ಬಂದು ಹಾಕಿಕೊಡತೀನಿ” ಎಂದ ಮಾಸ್ತರ.

ಮರುದಿನ ಬೆಳಿಗ್ಗೆ ಪೇಂಟರ್ ಪೆನ್‌ಡ್ರೈವ್ ಸಿಕ್ಕಿಸಿದ. ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಸುಮ್ಮನೆ ನೋಡುವಿರೋ, ಇಲ್ಲಿ ಇರಿಸಿಕೊಳ್ಳುವಿರೋ? ಅವನು ನೋಡುವೆ ಎಂಬುದನ್ನು ಒತ್ತಿದ. ಮುದಿ ಕಂಪ್ಯೂಟರ್ ಚುರುಕಾಗಿ ಎದ್ದು ಕೂತಿತು. ಮೊದಲ ದಿನ ‘ಮ’ ಅಕ್ಷರದ ಹೊಟ್ಟೆಯನ್ನು ಅವನು ಎಳೆದು ತಿದ್ದಿದ. ನಡುಗುವ ಕೈ ಎಳೆದ ಗೆರೆಯನ್ನು ಆಮೇಲೆ ಸರಿಪಡಿಸಬಹುದಿತ್ತು. ಸಂಜೆಯ ಹೊತ್ತಿಗೆ ಪರದೆಯ ಮೇಲೆ ಅವನದೇ ಮಕಾರ ನಿಂತಿತ್ತು. ಎಷ್ಟೋ ವರ್ಷದ ಮೇಲೆ ಕಂಡ ಸ್ವಂತ ಅಕ್ಷರ. ಅವನಿಗೆ ಅಳು ಬಂತು. ಅಂಗಡಿ ಮುಚ್ಚುವಾಗ ಕಂಪ್ಯೂಟರ್ ಆರಿಸಿದ, ಅಕ್ಷರ ಹೋಯಿತು.

ಹೋಗಲಿ, ನಾಳೆ ಬರೆದರಾಯಿತು ಎಂದುಕೊಂಡ. ಮರುದಿನ ಮತ್ತೆ ಪ್ರಶ್ನೆ ಬಂತು. ಮತ್ತೆ ನೋಡುವೆ ಎಂದ.

ಗಿರಾಕಿಗಳು ಬಂದಾಗ ಹಳೆಯ ವ್ಯವಸ್ಥೆಗೆ ಹೋಗಬೇಕು, ಹೋದರೆ ಇತ್ತ ಬರೆದದ್ದು ಅಳಿಯಬೇಕು. ಒಂದು ದಿನ ‘ಮೌ’ ಕೂಡಿ ಬರುತ್ತಿತ್ತು, ಇನ್ನೊಂದು ದಿನ ‘ನೇ’. ಹೆಸರು ಮಾತ್ರ ಎಂದೂ ಪೂರ್ತಿಯಾಗಲಿಲ್ಲ. ಬರೆದದ್ದನ್ನು ಬೇರೆ ಕಡೆ ತೆಗೆದಿಡುವ ಉಪಾಯವನ್ನಾದರೂ ಮಾಸ್ತರನಿಗೆ ಕೇಳಬಹುದಿತ್ತು. ಕೇಳಲಿಲ್ಲ. ನೋಡಿ ಹೋಗಲು ಬಂದವನು ಗಂಟು ಬಿಚ್ಚುವುದಿಲ್ಲವಲ್ಲ.

ಒಳಗೆ ಹಾಕಿಸಿಕೊಳ್ಳಲು ಅವನಿಗೆ ಅಡ್ಡಿಯಾದದ್ದು ಏನು? ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ. ಹಳೆಯ ಫ್ಲೆಕ್ಸುಗಳನ್ನು ತೆಗೆದುಹಾಕಬೇಕಿತ್ತು. ಅವನು ಒಂದೊಂದನ್ನೇ ತೆರೆದು ನೋಡಿ ಮುಚ್ಚುತ್ತಿದ್ದ. ಪಕ್ಷ ಬಿಟ್ಟ ಮುಖಂಡರ ಫ್ಲೆಕ್ಸುಗಳಿದ್ದವು, ತಿರುಗಿ ಅದೇ ಪಕ್ಷಕ್ಕೆ ಬಂದರೆ ಬೇಕಾದೀತು. ತೀರಿಕೊಂಡವರ ಹುಟ್ಟುಹಬ್ಬದ ಫ್ಲೆಕ್ಸುಗಳಿದ್ದವು, ಅವು ಯಾಕೆ ಬೇಕಾದಾವು ಎಂಬುದು ದೇವರಿಗೇ ಗೊತ್ತು. ಹೊಸದು ಕೈಕೊಟ್ಟರೆ ಹಳೆ ಗಂಡನ ಪಾದವೇ ಗತಿಯಲ್ಲವೇ ಎಂಬ ಅಂಜಿಕೆಯೂ ಇತ್ತು. ಇನ್ನಷ್ಟು ದಿನ ನೋಡೋಣ ಎಂದುಕೊಂಡ. ಮುಂಗಾರು ಹೋಯಿತು, ದೀಪಾವಳಿಯೂ ಹೋಯಿತು.

ಒಂದು ದಿನ ಊರು ಬಂದ್ ಆಯಿತು. ಗಿರಾಕಿಗಳಿಲ್ಲ. ಪೇಂಟರ್ ಅರ್ಧ ಬಾಗಿಲು ಎಳೆದುಕೊಂಡು ಬೆಳಿಗ್ಗೆಯಿಂದ ಕೂತ. ಅಂದು ಅವನ ಕೈಗೆ ಏನೋ ಬಂದಿತ್ತು. ಮೌ ಬಂತು, ನೇ ಬಂತು, ಶ ಬಂತು. ಪಕಾರಕ್ಕೆ ಒತ್ತು ಸಿಕ್ಕಿದಾಗ ಇಳಿಬಿಸಿಲು. ಪರದೆಯ ತುಂಬ ಗುರುವಿನ ಹೆಸರು ನಿಂತಿತ್ತು. ಅಂಥ ಅಕ್ಷರವನ್ನು ಅವನು ಕುಂಚದಲ್ಲೂ ಬರೆದಿರಲಿಲ್ಲ. ಚಪ್ಪಲಿ ಮೆಟ್ಟುವುದನ್ನೂ ಮರೆತು ಮುದುಕನ ಮನೆಗೆ ಓಡಿದ. ಅವನ ತೋಳು ಹಿಡಿದು, ಕಲ್ಲು ತಾಗದಂತೆ ನಡೆಸಿಕೊಂಡು ಬಂದ.

ಅಷ್ಟರಲ್ಲಿ ಕರೆಂಟ್ ಹೋಗಿ ಬಂದು, ಕಂಪ್ಯೂಟರ್ ತಾನಾಗಿ ಮತ್ತೆ ಶುರುವಾಗಿತ್ತು. ಪರದೆಯ ಮೇಲೆ ಹೆಸರಿರಲಿಲ್ಲ, ಪ್ರಶ್ನೆ ಇತ್ತು.

ಮೌನೇಶಪ್ಪ ಪರದೆಗೆ ಮುಖ ತಾಗಿಸಿ ಕಣ್ಣು ಕಿರಿದು ಮಾಡಿದ. “ಇದು ನನ್ನ ಹೆಸರಲ್ಲ. ಏನ್ ಬರದೈತೋ ಇಲ್ಲೆ?”

“ಸುಮ್ನ ನೋಡಾಕ ಬಂದೀಯೋ, ಇಲ್ಲೇ ಇರಾವೋ ಅಂತ ಕೇಳಾಕತ್ತೈತ್ರಿ.”

“ಎಂದಿನಿಂದ ಕೇಳಾಕತ್ತೈತಿ?”

“ಮುಂಗಾರಿನಿಂದ್ರಿ.”

ಮುದುಕ ಪರದೆಯಿಂದ ಮುಖ ಹಿಂದಕ್ಕೆ ತೆಗೆದ. “ನನ್ನ ಕಣ್ಣಿಗೆ ಅಷ್ಟು ಪುರಸೊತ್ತಿಲ್ಲೋ ತಮ್ಮಾ” ಎಂದ. ಬೈಗುಳವಾಗಿದ್ದರೆ ಪೇಂಟರ್ ತಾಳಿಕೊಳ್ಳುತ್ತಿದ್ದ. ಅದು ಬೈಗುಳವಾಗಿರಲಿಲ್ಲ.

ಆ ಸಂಜೆಯೇ ಪೇಂಟರ್ ಹಳೆಯ ಫ್ಲೆಕ್ಸುಗಳನ್ನೆಲ್ಲ ತೆಗೆದುಹಾಕಿದ. ಒಂದೂ ಬೇಕೆನಿಸಲಿಲ್ಲ. ಮಾಸ್ತರನನ್ನು ಕರೆಸಿ ಹೊಸದನ್ನು ಒಳಗೆ ಹಾಕಿಸಿಕೊಂಡ. ಚಹಾ ಆರುವಷ್ಟರಲ್ಲಿ ಕೆಲಸ ಮುಗಿಯಿತು. ಇಷ್ಟೇ ಏನು ಎಂದು ಕೇಳಿದ. ಇಷ್ಟೇ ಎಂದ ಮಾಸ್ತರ.

ಈಗ ಬರೆದದ್ದು ಉಳಿಯುತ್ತಿತ್ತು. ಆದರೆ ಬಂದ್ ದಿನದ ಕೈ ಮತ್ತೆ ಬರಲು ಒಲ್ಲೆನೆಂದಿತು. ಅವನು ದಿನವೂ ಬರೆದ, ತಿದ್ದಿದ. ಸಂಕ್ರಾಂತಿ ಕಳೆದ ಮೇಲೆ ಹೆಸರು ಮನಸ್ಸಿಗೆ ಒಪ್ಪುವ ಹಾಗೆ ಕೂಡಿತು. ಮೌನೇಶಪ್ಪನನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿದ. ಮುದುಕ ಗೋಡೆಯ ಕಡೆ ಮುಖ ಮಾಡಿ ಕೂತ. ಪೇಂಟರ್ ಅವನ ಮುಖವನ್ನು ಮೆಲ್ಲಗೆ ಪರದೆಯ ಕಡೆ ತಿರುಗಿಸಿದ. ಆಗ ಅವನಿಗೆ ತಿಳಿಯಿತು.

“ಬರದಿಯೇನು?” ಎಂದ ಮುದುಕ.

“ಬರದೀನ್ರಿ.”

ಮುದುಕ ಕೈ ಚಾಚಿದ. ಪೇಂಟರ್ ಅವನ ಬೆರಳು ಹಿಡಿದು ಪರದೆಯ ಮೇಲೆ ಮಕಾರದ ಸುತ್ತ ನಡೆಸಿದ. ಬಣ್ಣದ ಬೋರ್ಡಾಗಿದ್ದರೆ ಅಕ್ಷರದ ಅಂಚು ಬೆರಳಿಗೆ ಸಿಗುತ್ತಿತ್ತು. ಇದು ಗಾಜು. ಮೌನೇಶಪ್ಪ ಹೆಸರಿನ ಕೊನೆಯವರೆಗೂ ಬೆರಳು ಆಡಿಸಿದ.

“ನುಣ್ಣಗೈತಿ. ಚಲೋ ಬಂದಿರಬೇಕು” ಎಂದ.

ಕತೆ ಅಲ್ಲಿಗೆ ನಿಂತಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಹಾಗಾದರೆ ಪರೀಕ್ಷಿಸಿ ನೋಡುವುದೇ ತಪ್ಪೇ, ಗುರುಗಳೇ?” ಎಂದು ಕೇಳಿದ.

“ತಪ್ಪಲ್ಲಪ್ಪ” ಎಂದರು ಗುರುಗಳು. “ನನಗೆ ಈಗ ವಯಸ್ಸೆಷ್ಟು, ಹೇಳು ನೋಡೋಣ?”

ಶಿಷ್ಯ ತಲೆ ಎತ್ತಿ ಅವರ ಮುಖ ನೋಡಿದ. ತಾನು ಮೊದಲ ಸಲ ಬಂದಾಗ ಕಪ್ಪಾಗಿದ್ದ ಗಡ್ಡ ಪೂರ್ತಿ ಬೆಳ್ಳಗಾಗಿತ್ತು.