ಹೊಸ್ತಿಲ ಮೇಲಿನ ಸೇರು

ಒಂದಾನೊಂದು ಊರು. ಆ ಊರಲ್ಲಿ ಜವರಯ್ಯ ಅಂತ ಒಬ್ಬ ಇದ್ದನಂತೆ. ಅವನ ಹೆಂಡತಿ ದ್ಯಾವಮ್ಮ. ಒಬ್ಬನೇ ಮಗ, ಮರಿಯ.

ಒಂದು ದಿನ ಬೆಳಿಗ್ಗೆ ದ್ಯಾವಮ್ಮ ಮಡಕೆಯಿಂದ ಒಂದು ಸೇರು ಅಕ್ಕಿ ಅಳೆದಳು. ಒಳಗೆ ಕತ್ತಲು. ಕಲ್ಲು ಆರಿಸೋಕೆ ಬೆಳಕು ಬೇಕು. ಸೇರನ್ನು ತಂದು ಮುಂಬಾಗಿಲ ಹೊಸ್ತಿಲ ಮೇಲಿಟ್ಟಳು. ಗಂಡ ಜಗಲಿ ಮೇಲೆ ಕೂತಿದ್ದ.

"ಗುಬ್ಬಿ ಬಂದಾವು, ನೋಡ್ಕೊ. ಮೊರ ತತ್ತೀನಿ" ಅಂದಳು.

ಒಳಗೆ ಹೋದಳು. ಹೋದವಳು ಬರಲಿಲ್ಲ. ಮೊರದ ಹತ್ತಿರವೇ ಕುಸಿದಿದ್ದಳಂತೆ. ಅಷ್ಟೇ ಅವಳ ಆಯಸ್ಸು.

ಮಣ್ಣು ಮಾಡಿ ಬಂದರು. ಗಲಾಟೆಯಲ್ಲಿ ಯಾರೋ ಸೇರನ್ನು ಪಕ್ಕಕ್ಕೆ ಸರಿಸಿದ್ದರು. ಜವರಯ್ಯ ಅದನ್ನು ತಿರುಗಿ ಅವಳಿಟ್ಟ ಜಾಗದಲ್ಲೇ ಇಟ್ಟ. ಇಟ್ಟು ಹೇಳಿದ:

"ಇದು ಅವಳು ಅಳೆದಿದ್ದು. ಈ ತುಂಬಿದ ಸೇರಿಗೆ ಇನ್ನು ಯಾರ ಕೈಯೂ ಸೋಕಬಾರದು. ನನ್ನ ಕೈಯೂ ಸೋಕಲ್ಲ. ಮನೆದೇವರಾಣೆ."

ಸೇರನ್ನು ಎತ್ತೋ ಹಾಗಿಲ್ಲ. ಅಕ್ಕಿಯನ್ನು ಯಾರೂ ದಾಟಲ್ಲ. ಅವತ್ತಿನಿಂದ ಅಪ್ಪ ಮಗ ಹಿತ್ತಿಲ ಬಾಗಿಲಲ್ಲೇ ಓಡಾಡಿದರು. ಒಳಗಿನ ಒಲೆ ಹಚ್ಚಲಿಲ್ಲ. ಹಿತ್ತಿಲಲ್ಲಿ ಕಲ್ಲು ಹೂಡಿ ಹಿಟ್ಟು ಬೇಯಿಸ್ಕೊಂಡು ಉಂಡರು. ಜವರಯ್ಯ ಒಂದು ಕೋಲು ಹಿಡಿದು ಜಗಲಿ ಮೇಲೆ ಕೂತ.

ಗುಬ್ಬಿಯೊಂದು ಬಂತು.

"ಜವರಯ್ಯ, ಜವರಯ್ಯ, ಈ ಅಕ್ಕಿ ಯಾರದು?"

"ನನ್ನ ಹೆಂಡ್ತೀದು."

"ಅವಳೆಲ್ಲಿ?"

"ಮೊರ ತರಕ್ಕೆ ಹೋಗವ್ಳೆ."

ಗುಬ್ಬಿ ಹಾರಿಹೋಯಿತು. ಒಂದು ಮಳೆಗಾಲ ಹೋಯಿತು. ಗುಬ್ಬಿ ತಿರುಗಿ ಬಂತು.

"ಜವರಯ್ಯ, ಜವರಯ್ಯ, ಈ ಅಕ್ಕಿ ಯಾರದು?"

"ನನ್ನ ಹೆಂಡ್ತೀದು."

"ಇನ್ನೂ ಬರಲಿಲ್ಲವಾ?"

"ಮೊರ ತರಕ್ಕೆ ಹೋಗವ್ಳೆ ಅಂದ್ನಲ್ಲ" ಅಂದು ಕೋಲು ಬೀಸಿದ.

ಮರಿಯನಿಗೆ ಮದುವೆ ವಯಸ್ಸಾಯಿತು. ಒಂದು ಊರಿಂದ ಹೆಣ್ಣಿನ ಕಡೆಯವರು ಮನೆ ನೋಡೋಕೆ ಬಂದರು. ಸೇರು ನೋಡಿದರು. "ನಮ್ಮ ಹುಡುಗೀನ ಎಲ್ಲಿಂದ ಮನೆ ತುಂಬಿಸ್ಕೊತೀರಿ? ಹಿತ್ತಿಲಿಂದಲಾ? ಅವಳೇನು ಕದ್ದು ಬರೋಳಾ?" ಅಂದರು. ಎದ್ದು ಹೋದರು. ಇನ್ನೊಂದು ಊರಿನವರು ಬಂದರು. ಅವರೂ ಹಾಗೇ ಹೋದರು.

"ಅಪ್ಪ, ತೆಗೆದುಬಿಡಪ್ಪ" ಅಂದ ಮಗ.

ಜವರಯ್ಯ ಸೇರನ್ನೇ ನೋಡಿದ. ತೆಗೀಬೇಕು ಅಂತ ಅವನಿಗೂ ಅನ್ನಿಸಿತ್ತು. "ಆಣೆ ಇಟ್ಬುಟ್ಟಿವ್ನಿ ಕಣೋ" ಅಂದ. "ಕೈ ಹೋಗಲ್ಲ."

ದೂರದ ಊರಲ್ಲಿ ನಿಂಗಿ ಅಂತ ಒಬ್ಬಳು ಹುಡುಗಿ ಇದ್ದಳಂತೆ. ಅವಳಪ್ಪ ಬಂದು ನೋಡಿ, ಮನೆಗೆ ಹೋಗಿ ಸೇರಿನ ಸಂಗತಿಯೆಲ್ಲ ಹೇಳಿದ. "ಹುಡುಗ ಚಿನ್ನದಂಥವನು. ಬಾಗಿಲೇ ಇಲ್ಲ."

"ಬಾಗಿಲು ಐತೆ, ಸೇರು ಅಡ್ಡ ಐತೆ. ಮಾತು ಕೊಟ್ಟು ಬಾ ಹೋಗಪ್ಪ" ಅಂದಳು ನಿಂಗಿ.

ಹೆಣ್ಣಿನ ಊರಲ್ಲಿ ಧಾರೆ ಆಯಿತು. ದಿಬ್ಬಣ ಜವರಯ್ಯನ ಮನೆ ಮುಂದೆ ಬಂದು ನಿಂತಿತು. ಮದುಮಕ್ಕಳು ಮುಂದೆ, ಊರವರು ಹಿಂದೆ, ಎದುರಿಗೆ ಆರತಿ ತಟ್ಟೆ. ಹೊಸ್ತಿಲ ಮೇಲೆ ಸೇರು. ಒಳಕ್ಕೆ ಹೋಗದಿದ್ದರೆ ಹೆಣ್ಣು ಬಂದ ದಾರೀಲೇ ತೌರಿಗೆ ಹೋಗಬೇಕು.

ಆರತಿ ಹಿಡಿದಿದ್ದ ಸಿದ್ದಕ್ಕ ನಕ್ಕಳು. "ಏನ್ ಮಾಡ್ತೀಯೆ ಹುಡುಗಿ? ನೆಗೀತೀಯಾ?"

"ನೆಗೆಯಕ್ಕೆ ನಾನೇನು ಮೇಕೆ ಮರಿಯಾ ಅಕ್ಕ?" ಅಂದಳು ನಿಂಗಿ. ಜವರಯ್ಯನ ಕಡೆ ತಿರುಗಿದಳು.

"ಮಾವ, ಏನಂತ ಆಣೆ ಇಟ್ರಿ? ನನ್ನ ಮುಂದೆ ಒಂದ್ಸಲ ಹೇಳಿ."

"ಈ ತುಂಬಿದ ಸೇರಿಗೆ ಯಾರ ಕೈಯೂ ಸೋಕಬಾರದು ಅಂತ."

"ಕೈ ತಾನೆ?"

"ಕೈಯೇ ಕಣವ್ವ."

ನಿಂಗಿ ಸೆರಗು ಸರಿಮಾಡಿಕೊಂಡಳು. ಬಗ್ಗಿ ಸೇರಿಗೆ ದೂರದಿಂದಲೇ ಕೈ ಮುಗಿದಳು. ಆಮೇಲೆ ಬಲಗಾಲು ಮುಂದಿಟ್ಟು, ಮಲಗಿರೋ ಮಗುವನ್ನು ಎಬ್ಬಿಸೋ ಹಾಗೆ, ಕಾಲ್ಬೆರಳ ತುದಿಯಿಂದ ಸೇರನ್ನು ಒಳಕ್ಕೆ ನೂಕಿದಳು. ಸೇರು ಉರುಳಿತು. ಅಕ್ಕಿ ನಡುಮನೆ ತುಂಬ ಚೆಲ್ಲಿತು.

ಜವರಯ್ಯನ ಕೋಲು ಮೇಲೆದ್ದಿತ್ತು.

"ಕೈ ಸೋಕಿಸಲಿಲ್ಲ ಮಾವ" ಅಂದಳು ನಿಂಗಿ. "ಅತ್ತೆ ಈ ಅಕ್ಕಿ ಅಳೆದಿದ್ದು ಒಳಗಿನ ಒಲೆಗೆ. ಅಲ್ಲಿಗೇ ಹೋಯ್ತು."

ಬಲಗಾಲಿಟ್ಟು ಒಳಗೆ ಹೋದಳು. ಕತ್ತಲಲ್ಲಿ ಏನೋ ತಡಕಾಡಿದ ಸದ್ದು. ಜವರಯ್ಯ ಕೋಲು ಎತ್ತಿಕೊಂಡೇ ನಿಂತಿದ್ದ.

ನಿಂಗಿ ಬಾಗಿಲ ಬೆಳಕಿಗೆ ಬಂದಳು. ಕೈಯಲ್ಲಿ ಮೊರ ಇತ್ತು. ದ್ಯಾವಮ್ಮನ ಮೊರ.

ಕೋಲು ಕೆಳಗೆ ಬಿತ್ತು.

ಜವರಯ್ಯ ಎಷ್ಟೋ ದಿನದ ಮೇಲೆ ಮುಂಬಾಗಿಲಲ್ಲಿ ಒಳಗೆ ಹೋದ. ಉರುಳಿದ ಸೇರಿನ ಹತ್ತಿರ ಕೂತ. "ತುಂಬಿದ ಸೇರಿಗೆ ಅಂದಿದ್ದೆ. ಇದು ಬರೀ ಸೇರು" ಅಂದ. ತನ್ನ ಕೈಯಿಂದಲೇ ಎತ್ತಿದ. ಎತ್ತಿ ಎದೆಗೆ ಒತ್ತಿಕೊಂಡ. ಆಮೇಲೆ ಸೊಸೆ ಕೈಗೆ ಕೊಟ್ಟ.

ನಿಂಗಿ ಅಕ್ಕಿ ಬಳಿದಳು, ಕೇರಿದಳು. ಅರ್ಧ ಹುಳ, ಅರ್ಧ ಹಿಟ್ಟು. ಮಿಕ್ಕಿದ್ದು ಒಂದು ಹಿಡಿ. ಹೊಸ ಅಕ್ಕಿ ಜೊತೆ ಸೇರಿಸಿ ಬೇಯಿಸಿದಳು. ಜವರಯ್ಯ ಉಂಡ. ಎರಡನೇ ಸಲವೂ ಬಡಿಸಿಕೊಂಡ.

ಗುಬ್ಬಿ ಬಂತು. ಅಂಗಳದಲ್ಲಿ ಹುಳ ಆರಿಸುತ್ತಾ ಕೇಳಿತು.

"ಜವರಯ್ಯ, ಜವರಯ್ಯ, ನಿನ್ನ ಹೆಂಡ್ತಿ ಬಂದ್ಲಾ?"

"ಇಲ್ಲ" ಅಂದ ಜವರಯ್ಯ. "ಮೊರ ಬಂತು."

ಅವತ್ತಿನಿಂದ ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಡ್ತಾರಂತೆ. ಅವಳು ಬಲಗಾಲಲ್ಲಿ ನೂಕಬೇಕು. ಜೋರಾಗಿ ಒದೆಯೋ ಹಾಗಿಲ್ಲ. ಕೈ ಸೋಕಿಸೋ ಹಾಗೂ ಇಲ್ಲ. ಮನೆಯಲ್ಲಿ ಹಿರಿಯರಿದ್ದರೆ ಆ ಸೇರನ್ನು ಅವರೇ ಎತ್ತಬೇಕು.

ಅವರ ಮನೆ ತುಂಬಿತು, ನನ್ನ ಕತೆಯ ಸೇರು ಬರಿದಾಯಿತು. ಚೆಲ್ಲಿದ ಕಾಳು ನಿಮ್ಮದು, ಬಳಕೊಳ್ಳಿ.